ಸುಡುವ ಮೊದಲು ನೋಡಬೇಕು

ಶಹಾಪುರ ತಾಲೂಕಿನ ಗೋಗಿ ಎರಡು ಕಾರಣಕ್ಕೆ ಹೆಸರಾದ ಊರು. ನೆಲದ ಮೇಲೆ ಹಜರತ್ ಚಂದಾ ಹುಸೈನಿಯವರ ದರ್ಗಾ ಇದೆ. ಬಿಜಾಪುರವನ್ನು ಆಳಿದ ಆದಿಲ್‌ಶಾಹಿ ಮನೆತನದ ಮೂಲಪುರುಷ ಯೂಸುಫ್ ಆದಿಲ್ ಶಾಹ್ ಮತ್ತು ಅವನ ನಂತರದ ಮೊದಮೊದಲ ಸುಲ್ತಾನರು ಮಣ್ಣಾಗಿರುವುದು ರಾಜಧಾನಿಯಲ್ಲಲ್ಲ, ಇಲ್ಲಿ. ನೆಲದ ಕೆಳಗೆ ಯುರೇನಿಯಂ ಇದೆ. ಭೀಮಾ ಕಣಿವೆಯ ಬಂಡೆಗಳಲ್ಲಿ ಅದು ಸಿಕ್ಕ ಮೇಲೆ ಪ್ರಾಯೋಗಿಕ ಗಣಿ ತೋಡಲಾಯಿತು, ಊರವರು ವಿರೋಧಿಸಿದರು. ಹೀಗಾಗಿ ವಿಕಿರಣ ಎಂಬ ಶಬ್ದ ಈ ಭಾಗದ ರೈತರಿಗೆ ಪಠ್ಯಪುಸ್ತಕದ ಶಬ್ದವಲ್ಲ. ಬಾವಿಯ ನೀರು, ಎಮ್ಮೆಯ ಹಾಲು, ಹುಟ್ಟಲಿರುವ ಮಕ್ಕಳು ಇವುಗಳ ಜೊತೆ ಕೂಡಿಕೊಂಡ ಭಯದ ಶಬ್ದ. ಆ ಭಯ ಎಷ್ಟು ಸರಿ ಎಂಬುದನ್ನು ಬೇರೆಯೇ ಲೇಖನಕ್ಕೆ ಬಿಡಬೇಕು.

ಅದೇ ವಿಕಿರಣ ಮತ್ತೊಂದು ಹೆಸರಿನಲ್ಲಿ ಯಾದಗಿರಿ, ಶಹಾಪುರ, ಸುರಪುರದ ಮನೆಗಳಿಗೆ ಬರುತ್ತದೆ. ಆಗ ಅದರ ಹೆಸರು ‘ಕರೆಂಟ್’. “ಅಪ್ಪಗ ಕರೆಂಟ್ ಕೊಡಸ್ಲಿಕ್ಕೆ ಹೈದ್ರಾಬಾದಿಗೆ ಕರ್ಕೊಂಡು ಹೋಗ್ಯಾರ” ಎಂದು ಯಾರಾದರೂ ಹೇಳಿದರೆ ಮುಂದೆ ಏನೂ ಕೇಳಬೇಕಾಗಿಲ್ಲ. ರೋಗ ಯಾವುದೆಂದು ಕೇಳಿದವರಿಗೆ ಗೊತ್ತಾಗಿರುತ್ತದೆ. ಬಾಯಿ ಅಥವಾ ಗಂಟಲಿನದೋ, ಹೆಣ್ಣುಮಕ್ಕಳಾದರೆ ಗರ್ಭಕೊರಳಿನದೋ ಎಂಬುದಷ್ಟೇ ಉಳಿದ ಪ್ರಶ್ನೆ.

ಕರೆಂಟ್ ಕೊಡಿಸಲು ಹೋದವರ ಬಾಯಲ್ಲಿ ಎರಡು ಮಾತು ಪದೇ ಪದೇ ಕೇಳಿಬರುತ್ತವೆ. “ನಮ್ಮ ಕಡೆ ಸ್ಕ್ಯಾನ್ ಮಾಡಿಸ್ಕೊಂಡೇ ಬಂದೀವಿ, ಇಲ್ಲಿ ಮತ್ತೊಂದು ಸ್ಕ್ಯಾನ್ ಯಾಕ್ರಿ?” ಎಂಬುದು ಒಂದು. “ಬಂದು ಎಂಟು ದಿನ ಆತು, ಮಾರಿಗೆ ಮುಖವಾಡ ಮಾಡಿ ಕಳಿಸ್ಯಾರ, ಇನ್ನೂ ಕರೆಂಟ್ ಕೊಟ್ಟಿಲ್ಲ” ಎಂಬುದು ಇನ್ನೊಂದು. ಮೊದಲನೆಯದರಲ್ಲಿ ದುಡ್ಡು ಕೀಳುತ್ತಿದ್ದಾರೆಂಬ ಅನುಮಾನವಿದೆ, ಎರಡನೆಯದರಲ್ಲಿ ಬಡವರೆಂದು ಕಾಯಿಸುತ್ತಿದ್ದಾರೆಂಬ ನೋವಿದೆ. ಕೆಲವೊಮ್ಮೆ ಎರಡೂ ನಿಜವಾಗಿರಬಹುದು. ಆದರೆ ಬಹಳ ಸಲ ಆ ಎರಡನೇ ಸ್ಕ್ಯಾನು, ಆ ಎಂಟು ದಿನಗಳೇ ಚಿಕಿತ್ಸೆಯ ಅರ್ಧಭಾಗ. ಈ ಮಾತು ತಿಳಿಯದೆ ಬೇಸತ್ತು ಊರಿಗೆ ಮರಳಿದವರಿದ್ದಾರೆ. ಅದನ್ನು ತಿಳಿಯಬೇಕಾದರೆ ನೂರಕ್ಕೂ ಹೆಚ್ಚು ವರ್ಷದ ಒಂದು ಕಥೆಯನ್ನು ಮೊದಲಿನಿಂದ ನೋಡಬೇಕು. ಆ ಕಥೆಯಲ್ಲಿ ಹೈದರಾಬಾದೂ ಇದೆ, ಬೆಂಗಳೂರೂ ಇದೆ.

1895ರ ನವೆಂಬರ್ 8ರಂದು ಜರ್ಮನಿಯ ವ್ಯೂರ್ತ್ಸ್‌ಬುರ್ಗ್ ಪಟ್ಟಣದಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಎಕ್ಸ್-ಕಿರಣವನ್ನು ಕಂಡರು. ಆರೇ ವಾರದಲ್ಲಿ ತಮ್ಮ ಪತ್ನಿಯ ಕೈಯ ಎಲುಬುಗಳನ್ನೂ ಬೆರಳಿನ ಉಂಗುರವನ್ನೂ ಚಿತ್ರವಾಗಿ ಹಿಡಿದರು. ಮರುವರ್ಷ ಬೆಕರೆಲ್ ಯುರೇನಿಯಂನಿಂದ ಹೊಮ್ಮುವ ಕಿರಣ ಕಂಡರು. 1898ರಲ್ಲಿ ಕ್ಯೂರಿ ದಂಪತಿಗೆ ರೇಡಿಯಂ ಸಿಕ್ಕಿತು. ಈ ಕಿರಣಗಳು ಸುಡುತ್ತವೆ ಎಂಬುದು ಬೇಗನೆ ಗೊತ್ತಾಯಿತು. ಗಡ್ಡೆಯನ್ನೂ ಸುಟ್ಟವು, ಹತ್ತಿರ ನಿಂತ ವೈದ್ಯರ ಬೆರಳುಗಳನ್ನೂ ಸುಟ್ಟವು. ಒಮ್ಮೆಲೇ ಕೊಡದೆ ದಿನಕ್ಕಿಷ್ಟು ಎಂದು ಹಂಚಿಕೊಟ್ಟರೆ ಆರೋಗ್ಯವಂತ ಅಂಗಾಂಶ ಚೇತರಿಸಿಕೊಳ್ಳುತ್ತದೆ, ಗಡ್ಡೆ ಚೇತರಿಸಿಕೊಳ್ಳುವುದಿಲ್ಲ ಎಂಬುದನ್ನು 1920–30ರ ದಶಕಗಳಲ್ಲಿ ಪ್ಯಾರಿಸಿನ ವೈದ್ಯರಾದ ಕ್ಲಾಡ್ ರೆಗೊ ಮತ್ತು ಆನ್ರಿ ಕುಟಾರ್ ತೋರಿಸಿಕೊಟ್ಟರು. ಇಂದೂ ರೋಗಿ ಆರು ವಾರ ಆಸ್ಪತ್ರೆಗೆ ಅಲೆಯುವುದು ಅದೇ ಕಾರಣಕ್ಕೆ.

ಎಷ್ಟು ಕೊಡಬೇಕು ಎಂಬುದು ಹೀಗೆ ಒಂದು ಮಟ್ಟಿಗೆ ಇತ್ಯರ್ಥವಾಯಿತು. ಎಲ್ಲಿಗೆ ಕೊಡಬೇಕು ಎಂಬುದು ಮಾತ್ರ ಬಹುಕಾಲ ಅಂದಾಜಿನ ಮೇಲೆಯೇ ನಡೆಯಿತು. ವಿಚಿತ್ರವೆಂದರೆ ದೇಹದ ಒಳಗನ್ನು ಜಗತ್ತಿಗೆ ಮೊದಲು ತೋರಿಸಿದ ಕಿರಣವನ್ನೇ ದೇಹದೊಳಗೆ ಕುರುಡಾಗಿ ಬಿಡಲಾಗುತ್ತಿತ್ತು. ಎಕ್ಸ್-ರೇ ಚಿತ್ರ ಒಂದು ನೆರಳು. ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬಿದ್ದಿರುತ್ತವೆ. ಎಲುಬು ಕಾಣುತ್ತದೆ, ಗಡ್ಡೆಯ ಅಂಚು ಕಾಣುವುದಿಲ್ಲ.

1951ರಲ್ಲಿ ಕೆನಡಾದ ಎರಡು ಊರುಗಳಲ್ಲಿ ಕೋಬಾಲ್ಟ್-60 ಯಂತ್ರಗಳು ಚಿಕಿತ್ಸೆ ಆರಂಭಿಸಿದವು. ಬಡದೇಶಗಳ ಕ್ಯಾನ್ಸರ್ ಚಿಕಿತ್ಸೆಯ ಬೆನ್ನೆಲುಬು ಅಂದಿನಿಂದ ಇದೇ. ಈ ಕೋಬಾಲ್ಟ್ ಗಣಿಯಲ್ಲಿ ಸಿಗುವುದಲ್ಲ. ಯುರೇನಿಯಂ ಉರಿಯುವ ಅಣುರಿಯಾಕ್ಟರಿನೊಳಗೆ ಸಾಮಾನ್ಯ ಕೋಬಾಲ್ಟನ್ನು ಇಟ್ಟು ಅದನ್ನು ಸಿದ್ಧಪಡಿಸಬೇಕು. ನಮ್ಮ ದೇಶದಲ್ಲಿ ರಾಜಸ್ಥಾನದ ರಾವತ್‌ಭಾಟಾ ರಿಯಾಕ್ಟರುಗಳಲ್ಲಿ ಆ ಕೆಲಸ ನಡೆಯುತ್ತದೆ. ಗೋಗಿಯ ನೆಲದಡಿಯ ವಸ್ತುವಿಗೂ ಹೈದರಾಬಾದಿನ ಆಸ್ಪತ್ರೆಯ ನೆಲಮಾಳಿಗೆಗೂ ಇರುವ ನಂಟು ಇದು. ಕೋಬಾಲ್ಟಿನ ಶಕ್ತಿ ಐದೂಕಾಲು ವರ್ಷಕ್ಕೆ ಅರ್ಧಕ್ಕಿಳಿಯುತ್ತದೆ. ಹೊಸ ಕೋಬಾಲ್ಟ್ ತರಿಸಲು ಹಣವಿಲ್ಲದ ಆಸ್ಪತ್ರೆಯಲ್ಲಿ ರೋಗಿ ಅದೇ ಪ್ರಮಾಣಕ್ಕಾಗಿ ಇಮ್ಮಡಿ ಹೊತ್ತು ಮಲಗಬೇಕು.

ಹೈದರಾಬಾದಿನ ಮಾತು ಬಂದಾಗ ಒಂದು ಹೆಸರನ್ನು ನೆನೆಯಲೇಬೇಕು. ಈ ಮೂರೂ ತಾಲೂಕುಗಳು 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದವು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ರಾಜ್ಯದ ಕೊನೆಯ ದಿನಗಳಲ್ಲಿ, 1955ರಲ್ಲಿ, ಹೈದರಾಬಾದಿನಲ್ಲಿ ಶುರುವಾದ ಕ್ಯಾನ್ಸರ್ ಆಸ್ಪತ್ರೆಯೇ ಇಂದಿನ ಎಂ.ಎನ್.ಜೆ. ಸಂಸ್ಥೆ. ಎಂ.ಎನ್.ಜೆ. ಎಂದರೆ ಮೆಹದಿ ನವಾಜ್ ಜಂಗ್. ನಿಜಾಮರ ಆಡಳಿತದಲ್ಲಿ ಅಧಿಕಾರಿಯಾಗಿದ್ದು, ಮುಂದೆ ಮಂತ್ರಿಯಾಗಿ, 1960ರಲ್ಲಿ ಗುಜರಾತಿನ ಮೊದಲ ರಾಜ್ಯಪಾಲರಾದವರು. ರಾಜ್ಯ ಹಂಚಿಹೋದರೂ ದಾರಿ ಬದಲಾಗಲಿಲ್ಲ. ಯಾದಗಿರಿಯಲ್ಲಿ ರೈಲು ಹತ್ತಿದವರಿಗೆ ಬೆಂಗಳೂರಿಗಿಂತ ಹೈದರಾಬಾದೇ ಹತ್ತಿರ. ಭಾಷೆಯೂ ಪರಿಚಿತ, ನೆಂಟರೂ ಇರುತ್ತಾರೆ. ಕರ್ನಾಟಕಕ್ಕೆ ತನ್ನದೇ ದೊಡ್ಡ ಸರಕಾರಿ ಕ್ಯಾನ್ಸರ್ ಆಸ್ಪತ್ರೆ ಬಂದದ್ದು 1973ರಲ್ಲಿ. ಅದಕ್ಕೆ ಇಟ್ಟದ್ದು ಕೇಂದ್ರದಲ್ಲಿ ಸಂಪರ್ಕ ಖಾತೆ, ಆಹಾರ ಖಾತೆಗಳನ್ನು ನಿಭಾಯಿಸಿ 1954ರಲ್ಲಿ ತೀರಿಕೊಂಡ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು. ಮುಂದೆ ಕಿದ್ವಾಯಿಯ ಶಾಖೆಯೊಂದು ಕಲಬುರಗಿಯಲ್ಲೂ ಆಯಿತು. ‘ಕಿದ್ವಾಯಿ’ ಎಂಬುದು ಇಂದು ಕನ್ನಡದಲ್ಲಿ ಒಬ್ಬ ಮನುಷ್ಯನ ಹೆಸರಾಗಿ ಉಳಿದಿಲ್ಲ, ಹೆದರಿ ಉಚ್ಚರಿಸುವ ಒಂದು ಜಾಗದ ಹೆಸರಾಗಿದೆ. ಅವರು ಯಾರೆಂದು ಕೇಳಿದರೆ ನಮ್ಮ ಕಾಲೇಜು ಹುಡುಗರೂ ತಡವರಿಸುತ್ತಾರೆ.

ಕೋಬಾಲ್ಟ್ ಕಾಲದಲ್ಲಿ ಯೋಜನೆ ಹೇಗೆ ನಡೆಯುತ್ತಿತ್ತು ಎಂಬುದನ್ನು ತುಸು ನಿಧಾನವಾಗಿ ನೋಡೋಣ. ರೋಗಿಯನ್ನು ಹಲಗೆಯ ಮೇಲೆ ಮಲಗಿಸುತ್ತಿದ್ದರು. ಮೆತ್ತಗಿನ ಸೀಸದ ತಂತಿಯನ್ನು ಕುತ್ತಿಗೆ ಅಥವಾ ಹೊಟ್ಟೆಯ ಸುತ್ತ ಬಗ್ಗಿಸಿ, ಆಕಾರ ಕೆಡದಂತೆ ತೆಗೆದು, ಗ್ರಾಫ್ ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು. ಅದು ಆ ಮನುಷ್ಯನ ದೇಹದ ಒಂದು ಸುತ್ತಳತೆ. ಅದರೊಳಗೆ ಗಡ್ಡೆ ಎಲ್ಲಿದೆಯೆಂದು ಎಕ್ಸ್-ರೇ ಫಿಲ್ಮು, ವೈದ್ಯರ ಬೆರಳು, ಅನುಭವ ಮೂರೂ ಸೇರಿ ಒಂದು ಗುರುತು ಹಾಕುತ್ತಿದ್ದವು. ಕಿರಣ ಎಷ್ಟು ಆಳದಲ್ಲಿ ಎಷ್ಟು ಉಳಿಯುತ್ತದೆಂದು ತೋರಿಸುವ, ಈರುಳ್ಳಿಯ ಸಿಪ್ಪೆಗಳಂತೆ ಒಂದರೊಳಗೊಂದು ಗೆರೆಗಳಿರುವ ಪಾರದರ್ಶಕ ಹಾಳೆಗಳನ್ನು ಭೌತವಿಜ್ಞಾನಿ ಅದರ ಮೇಲಿಡುತ್ತಿದ್ದರು. ಎರಡು ಕಡೆಯಿಂದ ಕಿರಣ ಬಿಟ್ಟರೆ ಎರಡು ಹಾಳೆ, ಮೂರು ಕಡೆಯಿಂದಾದರೆ ಮೂರು. ಗೆರೆಗಳು ಕೂಡುವಲ್ಲಿ ಅಂಕಿಗಳನ್ನು ಕೂಡಿಸಿ ಬರೆಯುತ್ತಿದ್ದರು. ಒಬ್ಬ ರೋಗಿಗೆ ಅರ್ಧ ದಿನ ಹಿಡಿದರೂ ಹಿಡಿಯಿತು.

ಇದರಲ್ಲಿ ಶ್ರದ್ಧೆಗೆ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ನೋಟಕ್ಕೆ. ಗಡ್ಡೆಯ ನಡುಮಧ್ಯದ ಒಂದೇ ಒಂದು ಅಡ್ಡಗೆರೆಯ ಲೆಕ್ಕ ಅದು. ಮೇಲೂ ಕೆಳಗೂ ಹಾಗೆಯೇ ಇರಬಹುದೆಂಬ ನಂಬಿಕೆ. ಅಲ್ಲದೆ ಆ ಹಾಳೆಗಳು ದೇಹವೆಲ್ಲ ನೀರೆಂದು ತಿಳಿದು ತಯಾರಿಸಿದವು. ಗಾಳಿ ತುಂಬಿದ ಶ್ವಾಸಕೋಶವೂ ನೀರು, ದವಡೆಯ ಎಲುಬೂ ನೀರು. ತಪ್ಪಬಾರದೆಂದು ಗಡ್ಡೆಯ ಸುತ್ತ ಧಾರಾಳವಾಗಿ ಜಾಗ ಬಿಟ್ಟು ಸುಡುತ್ತಿದ್ದರು. ಬಾಯಿಯ ಕ್ಯಾನ್ಸರಿಗೆ ಎರಡೂ ಕಡೆಯಿಂದ ಕಿರಣ ಬಿಟ್ಟಾಗ ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿಗಳೂ ಸುಟ್ಟುಹೋಗುತ್ತಿದ್ದವು. ರೋಗ ವಾಸಿಯಾದರೂ ಬಾಯಿ ಶಾಶ್ವತವಾಗಿ ಒಣಗುತ್ತಿತ್ತು. ನಮ್ಮ ಸೀಮೆಯ ಮನುಷ್ಯನಿಗೆ ಅದರ ಅರ್ಥ ಜೋಳದ ರೊಟ್ಟಿ ನುಂಗಲಾಗದು ಎಂದು. ಬದುಕಿ ಬಂದು, ಮಕ್ಕಳು ರೊಟ್ಟಿ ತಿನ್ನುವಾಗ ಗಂಜಿಯ ಬಟ್ಟಲು ಹಿಡಿದು ಕುಳಿತ ಹಿರಿಯರನ್ನು ಈ ಭಾಗದಲ್ಲಿ ಬಹಳ ಮಂದಿ ಕಂಡಿರಬಹುದು.

ದೇಹವೆಲ್ಲ ನೀರಲ್ಲ ಎಂಬ ಮಾತು ಒಬ್ಬರ ತಲೆಯನ್ನು ಹೊಕ್ಕಿತು. ದಕ್ಷಿಣ ಆಫ್ರಿಕದ ಕೇಪ್‌ಟೌನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಅಲನ್ ಕಾರ್ಮ್ಯಾಕ್ ಅವರನ್ನು 1956ರಲ್ಲಿ ಅಲ್ಲಿನ ಗ್ರೂಟ್ ಸ್ಖೂರ್ ಆಸ್ಪತ್ರೆಗೆ ಕೆಲ ತಿಂಗಳ ಮಟ್ಟಿಗೆ, ವಾರಕ್ಕೆ ಒಂದೂವರೆ ದಿನ ಕರೆಸಿಕೊಂಡರು. ಆಸ್ಪತ್ರೆಯ ಭೌತವಿಜ್ಞಾನಿ ಕೆಲಸ ಬಿಟ್ಟಿದ್ದರು. ವಿಕಿರಣ ವಸ್ತುಗಳ ಮೇಲ್ವಿಚಾರಣೆಗೆ ಕಾನೂನಿನ ಪ್ರಕಾರ ಯಾರಾದರೂ ಇರಬೇಕಿತ್ತು. ಅಲ್ಲಿ ಕಾರ್ಮ್ಯಾಕ್ ಮೇಲೆ ಹೇಳಿದಂಥ ಹಾಳೆಗಳ ಲೆಕ್ಕವನ್ನು ಕಂಡರು. ದೇಹದೊಳಗೆ ಯಾವ ಜಾಗ ಕಿರಣವನ್ನು ಎಷ್ಟು ಹೀರುತ್ತದೆ ಎಂದು ಹೊರಗಿನಿಂದಲೇ ಅಳೆಯಲು ಸಾಧ್ಯವೇ ಎಂದು ಯೋಚಿಸತೊಡಗಿದರು. ಹಲವು ಕೋನಗಳಿಂದ ಕಿರಣ ಹಾಯಿಸಿ, ಆಚೆ ಬದಿಗೆ ಎಷ್ಟು ಬಂತೆಂದು ಅಳೆದು, ಗಣಿತದಿಂದ ಒಳಗಿನ ನಕ್ಷೆಯನ್ನು ಬಿಡಿಸಬಹುದೆಂದು ಕಂಡುಕೊಂಡರು. ಮರದ ಬಳೆಯೊಳಗೆ ಅಲ್ಯೂಮಿನಿಯಂ ದಿಂಡು ಇಟ್ಟು, ಕೋಬಾಲ್ಟ್ ಕಿರಣವನ್ನೇ ಬಳಸಿ ಪ್ರಯೋಗವನ್ನೂ ಮಾಡಿದರು. 1963 ಮತ್ತು 1964ರಲ್ಲಿ ಪ್ರಕಟಿಸಿದಾಗ ಹೆಚ್ಚುಕಡಿಮೆ ಯಾರೂ ಗಮನಿಸಲಿಲ್ಲ. ಪ್ರತಿ ಕಳಿಸಿ ಎಂದು ಬಂದ ಪತ್ರಗಳಲ್ಲಿ ಒಂದು ಸ್ವಿಟ್ಜರ್ಲೆಂಡಿನ ಹಿಮಕುಸಿತ ಸಂಶೋಧನಾ ಕೇಂದ್ರದ್ದಾಗಿತ್ತಂತೆ! ಇದೇ ಗಣಿತವನ್ನು ಯೋಹಾನ್ ರೇಡಾನ್ ಎಂಬವರು 1917ರಲ್ಲೇ ಬಿಡಿಸಿದ್ದರೆಂಬುದು ಕಾರ್ಮ್ಯಾಕ್‌ಗೆ ಬಹಳ ವರ್ಷಗಳ ನಂತರವಷ್ಟೇ ತಿಳಿಯಿತು.

ಸಿ.ಟಿ. ಸ್ಕ್ಯಾನ್ ರೋಗ ಪತ್ತೆಗಾಗಿ ಹುಟ್ಟಿತು, ಆಮೇಲೆ ವಿಕಿರಣ ಚಿಕಿತ್ಸೆಗೂ ಬಂತು ಎಂದು ಸಾಮಾನ್ಯವಾಗಿ ಹೇಳುವುದುಂಟು. ಅರ್ಧ ಕಥೆ ಇದಕ್ಕೆ ತಿರುಗುಮುರುಗು. ಅದರ ಮೊದಲ ಪ್ರಶ್ನೆ ಹುಟ್ಟಿದ್ದೇ ‘ಕರೆಂಟ್’ ಕೊಡುವ ಕೋಣೆಯಲ್ಲಿ.

ಯಂತ್ರ ಮಾಡಿದವರು ಬೇರೆ. ಇಂಗ್ಲೆಂಡಿನ ಗ್ರಾಮಫೋನ್ ರೆಕಾರ್ಡುಗಳ ಇಎಂಐ ಕಂಪನಿಯ ಇಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಕಾರ್ಮ್ಯಾಕ್ ಕೆಲಸದ ಪರಿಚಯವಿಲ್ಲದೆಯೇ ಇದೇ ದಾರಿ ಹಿಡಿದರು. ಪ್ರಯೋಗಾಲಯದ ಮೊದಲ ಚಿತ್ರಕ್ಕೆ ಅಳತೆ ತೆಗೆಯಲು 9 ದಿನ, ಕಂಪ್ಯೂಟರಿಗೆ ಎರಡೂವರೆ ತಾಸು ಹಿಡಿಯಿತು. 1971ರ ಅಕ್ಟೋಬರ್ 1ರಂದು ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ಬಂತು. 1979ರಲ್ಲಿ ಕಾರ್ಮ್ಯಾಕ್, ಹೌನ್ಸ್‌ಫೀಲ್ಡ್ ಇಬ್ಬರಿಗೂ ನೊಬೆಲ್ ಬಂತು.

ಅದೇ 1971ರಲ್ಲಿ, ಲಂಡನ್ನಿನ ಆ ಚಿತ್ರಕ್ಕಿಂತ ಕೆಲವೇ ವಾರ ಮೊದಲು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಅಮೆರಿಕದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಕೆಲವೇ ಪುಟಗಳ ಲೇಖನವೊಂದನ್ನು ಪ್ರಕಟಿಸಿದರು. ಅವರು ಹಿಡಿದ ಸಮಸ್ಯೆ ಹೀಗೆ: ಹಲವು ಕೋನಗಳ ನೆರಳುಗಳನ್ನು ಹಿಂದಕ್ಕೆ ಹರಡಿ ಒಂದರ ಮೇಲೊಂದು ಹೇರಿದರೆ ಚಿತ್ರ ಬರುತ್ತದೆ, ಆದರೆ ಒದ್ದೆ ಕಾಗದದ ಮೇಲಿನ ಶಾಯಿಯಂತೆ ಅಂಚೆಲ್ಲ ಹಬ್ಬಿಕೊಂಡಿರುತ್ತದೆ. ಅದನ್ನು ತಿದ್ದಲು ಆಗ ಇದ್ದ ಗಣಿತ ಅಂದಿನ ಕಂಪ್ಯೂಟರುಗಳಿಗೆ ಬಲುಭಾರ. ಹೇರಿದ ಮೇಲೆ ತಿದ್ದುವ ಬದಲು ಪ್ರತಿಯೊಂದು ನೆರಳನ್ನೂ ಹೇರುವ ಮೊದಲೇ ಒಂದು ಸರಳ ಸೂತ್ರದಿಂದ ಹರಿತಗೊಳಿಸಿಬಿಡಿ ಎಂದರು ಇವರು. ಲೆಕ್ಕ ಹಗುರಾಯಿತು, ಅಂಚು ಸ್ಪಷ್ಟವಾಯಿತು. ಖಗೋಳ ವಿಜ್ಞಾನಿ ಬ್ರೇಸ್‌ವೆಲ್ 1967ರಲ್ಲಿ ನಕ್ಷತ್ರಗಳ ಚಿತ್ರಕ್ಕಾಗಿ ಇಂಥದೇ ದಾರಿ ತೋರಿಸಿದ್ದರೆಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಆದರೂ ಜಗತ್ತಿನ ಇಂಜಿನಿಯರುಗಳು ಈ ಸೂತ್ರವನ್ನು ಕರೆಯುವುದು ‘ರಾಮ್-ಲಕ್’ ಎಂದು. ಇಂದು ಬೇರೆ ವಿಧಾನಗಳೂ ಬಂದಿವೆ. ಆದರೆ ದಶಕಗಳ ಕಾಲ ಸಿ.ಟಿ. ಯಂತ್ರಗಳಲ್ಲಿ ಈ ಸೂತ್ರ, ಇಲ್ಲವೇ ಅದನ್ನು ತಿದ್ದಿದ ರೂಪಗಳು ಬಳಕೆಯಲ್ಲಿದ್ದವು.

ನಮ್ಮ ಪತ್ರಿಕೆಗಳಲ್ಲಿ ನೋಟದ ವಿಜ್ಞಾನವೆಂದರೆ ಕೂಡಲೇ ಸಾವಿರ ವರ್ಷ ಹಿಂದಿನ ಇಬ್ನುಲ್ ಹೈಸಮ್‌ರನ್ನು ನೆನೆಯುವುದು ವಾಡಿಕೆ. ನೆನೆಯಬೇಕಾದವರೇ. ಆದರೆ ಬಸರಾ, ಕೈರೋಗಳ ಹೆಮ್ಮೆ ಹೇಳಿಕೊಳ್ಳುವ ನಾವು ಮೆಹದಿ ನವಾಜ್ ಜಂಗ್‌ರ ಆಸ್ಪತ್ರೆಯನ್ನೂ ಮಲ್ಲೇಶ್ವರದ ಪಕ್ಕದ ಆ ಪ್ರಯೋಗಾಲಯವನ್ನೂ ಮರೆಯುವುದು ನನಗೆ ಸರಿಕಾಣದು.

ಈಗ ಶಹಾಪುರದವರ ಪ್ರಶ್ನೆಗೆ ಬರೋಣ: ಮತ್ತೊಂದು ಸ್ಕ್ಯಾನ್ ಯಾಕೆ?

ಊರಿನ ಕಡೆ ಮಾಡಿಸಿದ ಸ್ಕ್ಯಾನು ರೋಗ ಇದೆಯೇ, ಎಷ್ಟಿದೆ ಎಂದು ಹೇಳಲು ಮಾಡಿದ್ದು. ಅಲ್ಲಿನ ಮಂಚ ಸಾಮಾನ್ಯವಾಗಿ ತೊಟ್ಟಿಲಿನಂತೆ ಬಾಗಿರುತ್ತದೆ. ಕತ್ತು ಹೇಗೆ ವಾಲಿದರೂ ನಡೆಯುತ್ತದೆ. ಚಿಕಿತ್ಸೆಯ ಯಂತ್ರದ ಮಂಚ ಚಪ್ಪಟೆ. ಯೋಜನೆಯ ಸ್ಕ್ಯಾನನ್ನು ಅಂಥದೇ ಚಪ್ಪಟೆ ಮಂಚದ ಮೇಲೆ, ಮುಂದಿನ ಆರು ವಾರ ದಿನಾ ಹೇಗೆ ಮಲಗಬೇಕೋ ಹಾಗೆಯೇ ಮಲಗಿಸಿ ತೆಗೆಯಬೇಕು. ಅದಕ್ಕೇ ಮುಖವಾಡ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಹೊದಿಸಿ ಒತ್ತಿದರೆ ಕೆಲವೇ ನಿಮಿಷಗಳಲ್ಲಿ ಅದು ಆ ಮುಖದ್ದೇ ಅಚ್ಚಾಗಿ ಗಟ್ಟಿಯಾಗುತ್ತದೆ. ದಿನಾ ಅದನ್ನು ಹಾಕಿ ಮಂಚಕ್ಕೆ ಬಿಗಿದಾಗ ತಲೆ ಕೆಲವು ಮಿಲಿಮೀಟರಿಗಿಂತ ಹೆಚ್ಚು ಸರಿಯುವುದಿಲ್ಲ.

ಆ ಸ್ಕ್ಯಾನಿನ ಪ್ರತಿಯೊಂದು ಚುಕ್ಕೆಗೂ ಒಂದು ಅಂಕಿ ಇರುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000, ಎಲುಬಿಗೆ ನೂರಾರು, ಗಟ್ಟಿ ಎಲುಬಿಗೆ ಸಾವಿರದ ಆಸುಪಾಸು. ಹೌನ್ಸ್‌ಫೀಲ್ಡ್ ಅಂಕಿಗಳೆಂದು ಅವುಗಳ ಹೆಸರು. ಕಿರಣ ಎಲ್ಲಿ ಎಷ್ಟು ಇಂಗುತ್ತದೆಂದು ಕಂಪ್ಯೂಟರ್ ಲೆಕ್ಕ ಹಾಕುವುದು ಇವುಗಳಿಂದ. ಕಾರ್ಮ್ಯಾಕ್ ಬಯಸಿದ್ದು ಇದನ್ನೇ. ಆಮೇಲೆ ವೈದ್ಯರು ಕಂಪ್ಯೂಟರಿನ ಮುಂದೆ ಕುಳಿತು ನೂರಕ್ಕೂ ಹೆಚ್ಚು ಅಡ್ಡಪದರಗಳಲ್ಲಿ, ಒಂದೊಂದರಲ್ಲೂ, ಗಡ್ಡೆಯ ಸುತ್ತ ಒಂದು ಗೆರೆ, ಕಣ್ಣಿಗೆ ಕಾಣದೆ ಹಬ್ಬಿರಬಹುದಾದ ಜಾಗಕ್ಕೆ ಇನ್ನೊಂದು, ದಿನದಿನದ ಅಲುಗಾಟಕ್ಕೆ ಮತ್ತೊಂದು ಗೆರೆ ಎಳೆಯುತ್ತಾರೆ. ಬೆನ್ನುಹುರಿ, ಜೊಲ್ಲಿನ ಗ್ರಂಥಿ, ಕಣ್ಣು, ದವಡೆ ಇವುಗಳಿಗೂ ಗೆರೆ. ಭೌತವಿಜ್ಞಾನಿ ಕಿರಣದ ದಿಕ್ಕುಗಳನ್ನೂ ಬಲವನ್ನೂ ಬದಲಾಯಿಸುತ್ತ ಗಡ್ಡೆಗೆ 60ರಿಂದ 70 ಗ್ರೇ ಬೀಳಬೇಕು, ಬೆನ್ನುಹುರಿಗೆ 45ರ ಆಸುಪಾಸಿನಲ್ಲೇ ನಿಲ್ಲಬೇಕು ಎಂದು ಕಂಪ್ಯೂಟರಿನ ಜೊತೆ ಹಗ್ಗಜಗ್ಗಾಟ ನಡೆಸುತ್ತಾರೆ. ಮುಗಿದ ಯೋಜನೆಯನ್ನು ರೋಗಿಗೆ ಕೊಡುವ ಮೊದಲು ಯಂತ್ರದ ಮೇಲೆ ಒಮ್ಮೆ ಪರೀಕ್ಷಿಸಿಯೂ ನೋಡುತ್ತಾರೆ. ಕಂಪ್ಯೂಟರ್ ತಾನೇ ಗೆರೆ ಎಳೆಯುವ ತಂತ್ರಾಂಶಗಳು ಈಚೆಗೆ ಬಂದು ಈ ಕೆಲಸ ಹಗುರಾಗುತ್ತಿದೆ. ಗುಟ್ಕಾದಿಂದ ಕೆನ್ನೆ ಗಟ್ಟಿಯಾಗಿ ಬಾಯಿಯೇ ತೆರೆಯಲಾರದ ನಮ್ಮವರ ಮುಖಗಳನ್ನು ಅವು ಎಷ್ಟು ಬಲ್ಲವು ಎಂಬುದನ್ನು ವೈದ್ಯರೇ ಒಂದೊಂದು ಗೆರೆಯನ್ನೂ ನೋಡಿ ಒಪ್ಪಬೇಕು. ಎಂಟು ದಿನ ಹೋಗುವುದು ಹೀಗೆ.

ಇದರಿಂದ ಸಿಕ್ಕಿದ್ದೇನು? ಇಂಗ್ಲೆಂಡಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಗಂಟಲ ಕ್ಯಾನ್ಸರಿಗೆ ಹಳೆಯ ರೀತಿಯ ಕಿರಣ ಪಡೆದವರಲ್ಲಿ ವರ್ಷದ ನಂತರ ಶೇ. 74 ಮಂದಿಗೆ ಬಾಯಿ ಒಣಗುವ ತೊಂದರೆ ಗಣನೀಯವಾಗಿತ್ತು; ಗ್ರಂಥಿಯನ್ನು ಉಳಿಸುವ ಹೊಸ ಯೋಜನೆ ಪಡೆದವರಲ್ಲಿ ಅದು ಶೇ. 38. ಗರ್ಭಕೊರಳಿನ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯಾದ 300 ಮಹಿಳೆಯರ ಮೇಲೆ ನಮ್ಮ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರವೇ ನಡೆಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರು ವರ್ಷಗಳಲ್ಲಿ ಕರುಳಿನ ತೊಂದರೆ ಶೇ. 42ರಿಂದ 21ಕ್ಕೆ ಇಳಿಯಿತು. ರೋಗ ಮರುಕಳಿಸುವ ಪ್ರಮಾಣದಲ್ಲಿ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ. ಅಂದರೆ ಗೆದ್ದದ್ದು ಆಯುಷ್ಯಕ್ಕಿಂತ ಹೆಚ್ಚಾಗಿ ಬದುಕಿನ ಹದ: ರೊಟ್ಟಿ ನುಂಗುವುದು, ಬಸ್ಸಿನಲ್ಲಿ ಕುಳಿತು ಪ್ರಯಾಣ ಮಾಡುವುದು, ನಿಶ್ಚಿಂತೆಯಿಂದ ನಮಾಝಿಗೆ ನಿಲ್ಲುವುದು.

ನಮ್ಮವರಿಗೆ ಸಂಬಂಧಿಸಿದ ಒಂದೆರಡು ಮಾತನ್ನು ಇಲ್ಲಿ ಹೇಳಿಬಿಡಬೇಕು. ಈ ಯೋಜನೆ ಸ್ಕ್ಯಾನಿನ ದಿನದ ದೇಹಕ್ಕೆ ಹೊಲಿದ ಅಂಗಿ. ತೂಕ ಇಳಿದರೆ ಮುಖವಾಡ ಸಡಿಲಾಗುತ್ತದೆ, ಗಡ್ಡೆಯೂ ಬೆನ್ನುಹುರಿಯೂ ತಮ್ಮ ಜಾಗದಿಂದ ಸರಿಯುತ್ತವೆ. ಕಿಬ್ಬೊಟ್ಟೆಯ ಚಿಕಿತ್ಸೆಯಲ್ಲಿ ಬಹಳ ಕಡೆ ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಬರಲು ಹೇಳುತ್ತಾರೆ. ತುಂಬಿದ ಮೂತ್ರಕೋಶ ಕರುಳನ್ನು ಮೇಲಕ್ಕೆ ತಳ್ಳಿ ಕಿರಣದ ದಾರಿಯಿಂದ ಸರಿಸುತ್ತದೆ. ರಮಝಾನ್ ತಿಂಗಳಲ್ಲಿ ವೈದ್ಯರಿಗೆ ಹೇಳದೆ ಉಪವಾಸವಿದ್ದು ಹಾಗೆಯೇ ಮಂಚವೇರುವ ತಾಯಂದಿರಿದ್ದಾರೆ. ಕುರ್‌ಆನ್ ರೋಗಿಗೂ ಪ್ರಯಾಣಿಕರಿಗೂ ಉಪವಾಸವನ್ನು ಬೇರೆ ದಿನಗಳಿಗೆ ಮುಂದೂಡುವ ರಿಯಾಯಿತಿ ಕೊಟ್ಟಿದೆ. ಸುರಪುರದಿಂದ ಹೈದರಾಬಾದಿಗೆ ಹೋದವರು ಎರಡೂ ಆಗಿರುತ್ತಾರೆ. ಚರ್ಮದ ಮೇಲೆ ಗುರುತಿಗಾಗಿ ಸೂಜಿಮೊನೆಯಷ್ಟು ಹಚ್ಚೆ ಹಾಕುವಾಗಲೂ ಅಳುಕುವವರಿದ್ದಾರೆ. ಅಲಂಕಾರದ ಹಚ್ಚೆಯ ನಿಷೇಧ ಬೇರೆ, ಚಿಕಿತ್ಸೆಯ ಅನಿವಾರ್ಯತೆ ಬೇರೆ ಎಂಬುದು ಫಿಕ್ಹ್‌ನಲ್ಲಿ ಹೊಸ ಮಾತೇನಲ್ಲ. ಪರದೆಯ ಸಂಕೋಚವಿದ್ದರೆ ಮಹಿಳಾ ಸಿಬ್ಬಂದಿ ಇದ್ದಾರೆಯೇ ಎಂದು ಮೊದಲ ದಿನವೇ ಕೇಳಬಹುದು. ಕೇಳದೆ, ಎರಡನೇ ದಿನ ಬರದೆ ಉಳಿಯುವುದೇ ಅಪಾಯ. ತಲೆ, ಕುತ್ತಿಗೆಯ ಕ್ಯಾನ್ಸರಿನಲ್ಲಿ ಚಿಕಿತ್ಸೆ ಒಂದೊಂದು ದಿನ ತಡವಾದಂತೆಲ್ಲ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಒಂದರಂತೆ ಕುಸಿಯುತ್ತದೆ.

ತಪ್ಪು ಎಲ್ಲವೂ ರೋಗಿಗಳದಲ್ಲ. ಸುರಪುರದಿಂದ ಕಲಬುರಗಿಗೆ ಸುಮಾರು ನೂರು ಕಿಲೋಮೀಟರ್. ಶಹಾಪುರ, ಸುರಪುರಗಳಿಗೆ ರೈಲಿಲ್ಲ. ಮೂವತ್ತು ದಿನದ ಚಿಕಿತ್ಸೆಗೆ ದಿನಾ ಹೋಗಿಬಂದರೆ ಆರು ಸಾವಿರ ಕಿಲೋಮೀಟರ್. ದಿನಕ್ಕೆ ಹತ್ತು ನಿಮಿಷವೆಂದರೂ ಯಂತ್ರದ ಕೆಳಗೆ ಮಲಗುವುದು ಒಟ್ಟು ಐದು ತಾಸು. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ರಾಜ್ಯದಲ್ಲೇ ಮೊದಲು ಕಲಬುರಗಿ ವಿಭಾಗದಲ್ಲಿ ಆರಂಭವಾಗಿ, ಬಿಪಿಎಲ್ ಕುಟುಂಬಗಳಿಗೆ ಇಂಥ ಚಿಕಿತ್ಸೆಯ ಖರ್ಚನ್ನು ಕೊಟ್ಟಿತು. 2018ರಲ್ಲಿ ಅದರ ಜಾಗಕ್ಕೆ ಬೇರೆ ಯೋಜನೆ ಬಂತು. ಕಾರ್ಡು ಯಂತ್ರದ ಬಾಡಿಗೆ ಕೊಡುತ್ತದೆ. ಆರು ವಾರದ ಕೋಣೆಯ ಬಾಡಿಗೆ, ಜೊತೆಗೆ ಬಂದ ಮಗನ ಕೂಲಿ, ಊರಲ್ಲಿ ಬಿಟ್ಟುಬಂದ ಹತ್ತಿಯ ಹೊಲದ ನಷ್ಟ ಇವನ್ನೆಲ್ಲ ಮನೆಯವರೇ ಹೊರಬೇಕು.

ಕಂಪ್ಯೂಟರ್ ಇಲ್ಲಿ ಒಂದು ದಾರಿ ತೆರೆದಿದೆ. ಮೊದಲು ಗ್ರಾಫ್ ಕಾಗದ, ಸೀಸದ ತಂತಿ, ರೋಗಿ, ಭೌತವಿಜ್ಞಾನಿ ಎಲ್ಲವೂ ಒಂದೇ ಕೋಣೆಯಲ್ಲಿರಬೇಕಿತ್ತು. ಈಗ ಸ್ಕ್ಯಾನಿನ ಕಡತ ಒಂದು ಊರಿನಿಂದ ಇನ್ನೊಂದು ಊರಿಗೆ ಕೆಲ ನಿಮಿಷಗಳಲ್ಲಿ ಹೋಗುತ್ತದೆ. ಬೆಂಗಳೂರಿನಲ್ಲಿ ಕುಳಿತ ತಜ್ಞರು ದೂರದ ಜಿಲ್ಲೆಯ ರೋಗಿಗೆ ಗೆರೆ ಎಳೆದು ಕಳಿಸಬಹುದು. ಭಾಭಾ ಅಣುಶಕ್ತಿ ಕೇಂದ್ರ ರೂಪಿಸಿ 2005ರಲ್ಲಿ ನವಿ ಮುಂಬಯಿಯಲ್ಲಿ ಮೊದಲು ಸ್ಥಾಪಿಸಿದ ‘ಭಾಭಾಟ್ರಾನ್’ ಕೋಬಾಲ್ಟ್ ಯಂತ್ರವನ್ನು ಬೆಂಗಳೂರಿನ ಕಂಪನಿಯೇ ತಯಾರಿಸುತ್ತದೆ. 2009ರ ಡಿಸೆಂಬರಿನಲ್ಲಿ ಯಾದಗಿರಿ ಜಿಲ್ಲೆಯಾಯಿತು, ಆಮೇಲೆ ವೈದ್ಯಕೀಯ ಕಾಲೇಜೂ ಬಂತು. ಚಪ್ಪಟೆ ಮಂಚದ ಒಂದು ಸ್ಕ್ಯಾನ್ ಯಂತ್ರ, ಮುಖವಾಡ ಮಾಡಬಲ್ಲ ಇಬ್ಬರು ತಂತ್ರಜ್ಞರು, ಒಂದು ಒಳ್ಳೆಯ ಇಂಟರ್‌ನೆಟ್ ತಂತಿ ಇಷ್ಟಿದ್ದರೆ ಕನಿಷ್ಠ ಆ ಮೊದಲ ಎಂಟು ದಿನವಾದರೂ ರೋಗಿ ತನ್ನ ಮನೆಯಲ್ಲೇ ಕಾಯಬಹುದು. ಹೀಗೆ ಮಾಡಲು ಚಿಕಿತ್ಸೆ ಕೊಡುವ ಆಸ್ಪತ್ರೆಯೂ ಸ್ಕ್ಯಾನ್ ಮಾಡುವ ಆಸ್ಪತ್ರೆಯೂ ಒಂದೇ ಬಗೆಯ ಮಂಚ, ಒಂದೇ ಬಗೆಯ ಮುಖವಾಡ, ಒಂದೇ ಬಗೆಯ ಗುರುತುಗಳನ್ನು ಬಳಸಲು ಮೊದಲೇ ಒಪ್ಪಿಕೊಂಡಿರಬೇಕು. ಯಾದಗಿರಿಯ ಜನಪ್ರತಿನಿಧಿಗಳ ಮುಂದೆ ಇಡಬಹುದಾದ ಬೇಡಿಕೆ ಇದು. ಆಸ್ಪತ್ರೆ ಕಟ್ಟಿಸಿಕೊಡಿ ಎಂಬ ದೊಡ್ಡ ಬೇಡಿಕೆಗಿಂತ ಬಹಳ ಅಗ್ಗದ್ದು.